ನೆಂಟರ ಸಾಲು

ಯಾಗಲಾ ಊರಿನ ಸಭೆಯಲ್ಲಿ ಹೆಂಗಸರು ಎಡಗಡೆ ಬೆಂಚುಗಳಲ್ಲಿ ಕೂರುತ್ತಾರೆ, ಗಂಡಸರು ಬಲಗಡೆ. ಮಾತಾಡಬೇಕಾದವರು ಕೈ ಎತ್ತಿ, ಅಧ್ಯಕ್ಷರು ಹೂಂ ಅಂದ ಮೇಲೆ ಎದ್ದು ನಿಲ್ಲಬೇಕು. ಆ ಭಾನುವಾರ ತೆಯೋಫಿಲಾ ಕೈಯನ್ನೂ ಎತ್ತಲಿಲ್ಲ, ಹೂಂ ಅನ್ನುವವರೆಗೂ ಕಾಯಲಿಲ್ಲ. ಎದ್ದವಳೇ ನಡುವಿನ ದಾರಿ ದಾಟಿ ಗಂಡಸರ ಕಡೆಗೆ ಹೋಗಿ ಫಿದೆನ್ಸಿಯೊನ ಎದುರಿಗೆ ನಿಂತಳು.

"ಎದ್ದೇಳೋ. ಎದ್ದು ನಿಂತ್ಕೊಂಡು ಊರಿಗೆಲ್ಲ ಹೇಳು. ಉತ್ತರದಿಂದ ಬರೋವಾಗ ಆ ಗಾಡೀಲಿ ಏನು ತುಂಬ್ಕೊಂಡು ಬಂದೆ?"

ಫಿದೆನ್ಸಿಯೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಗಡಿಯಾಚೆಯ ಹೊಲಗಳಲ್ಲಿ ಹನ್ನೊಂದು ವರ್ಷ ದುಡಿದು ಮೂರು ವರ್ಷದ ಕೆಳಗೆ ಊರಿಗೆ ಮರಳಿದವನು. "ಒಂದು ಟಿ.ವಿ., ನಾಕು ಪಾತ್ರೆ, ನಮ್ಮಮ್ಮಂಗೆ ಚಪ್ಪಲಿ," ಅಂದ. "ನಿಮಗೂ ಒಂದು ಜೊತೆ ಬೇಕಿತ್ತಾ ಅಕ್ಕ?"

ಸಭೆ ಗೊಳ್ಳೆಂದಿತು. ತೆಯೋಫಿಲಾಳ ಪಿತ್ತ ನೆತ್ತಿಗೇರಿತು.

"ನಗ್ರಿ, ನಗ್ರಿ. ಹಾಳಾಗಿರೋದು ನಿಮ್ಮ ಹೊಲ ಅಲ್ವಲ್ಲ, ನಗ್ರಿ! ನನ್ನ ಕಪ್ಪು ಜೋಳ. ನಮ್ಮಮ್ಮನ ಜೋಳ, ನಮ್ಮಜ್ಜಿ ಜೋಳ. ಅದಕ್ಕೆ ಈ ಮನೆಹಾಳ ಹೊಲಸು ಬೆರೆಸಿದಾನೆ. ಇವನ ಹೊಲ ಮೇಲಿದೆ, ನನ್ನದು ಕೆಳಗಿದೆ. ಮಧ್ಯಾಹ್ನದ ಗಾಳಿ ಎಲ್ಲಿಂದ ಎಲ್ಲಿಗೆ ಬೀಸತ್ತೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು."

"ನನ್ನ ಹೊಲದ ಎಲೇನೂ ಅರೆದು ನೋಡಿದಾರೆ ಅಕ್ಕ. ಒಂದೇ ಗೆರೆ ಬಂದಿದೆ. ಬೇಕಾದ್ರೆ ನೊಯೆಮೀನ ಕೇಳಿ."

"ಯಾರದೋ ಎಲೆ ಕಿತ್ತು ಕೊಟ್ಟಿರ್ತೀಯ! ನನ್ನ ತೆನೆ ನೋಡಿ ಇಲಿ ಹಲ್ಲು ಅಂದೋನು ನೀನು. ಅಲ್ಲಿ ತೆನೆ ಮೊಳಕೈಯುದ್ದ ಬರತ್ತೆ, ಕಳೇನೇ ಇರಲ್ಲ ಅಂತ ಕೊಚ್ಕೊಂಡೋನು ನೀನು. ತಂದು ಹಾಕಿದೀಯ. ಒಪ್ಕೋ!"

ಈ ಜಗಳಕ್ಕೆಲ್ಲ ಮೂಲ ಮೇಜಿನ ಮೇಲಿದ್ದ ಕಾಗದದ ಪಟ್ಟಿಗಳು. ಬೆಟ್ಟದ ರೈತರ ಸಂಘದಿಂದ ಬಂದಿದ್ದ ನೊಯೆಮಿ ಎಂಬ ಹುಡುಗಿ ಹತ್ತು ದಿನದಿಂದ ಮನೆಮನೆಯ ಹೊಲಕ್ಕೆ ಹೋಗಿ ಮುಸುಕಿನ ಜೋಳದ ಎಲೆ ಕಿತ್ತು, ಪುಟ್ಟ ಕೊಳವೆಯಲ್ಲಿ ನೀರು ಹಾಕಿ ಅರೆದು, ಅದರಲ್ಲಿ ಕಾಗದ ಅದ್ದಿ ನೋಡುತ್ತಿದ್ದಳು. ಒಂದು ಗೆರೆ ಮೂಡಿದರೆ ಊರಿನದೇ ಜೋಳ. ಎರಡು ಮೂಡಿದರೆ ಅದರೊಳಗೆ ಪ್ರಯೋಗಶಾಲೆಯಲ್ಲಿ ಗುಣ ತಿದ್ದಿದ ಕುಲಾಂತರಿ ಜೋಳ ಬೆರೆತಿದೆ ಎಂದರ್ಥ. ಇಪ್ಪತ್ತಾರು ಹೊಲಗಳಲ್ಲಿ ನಾಲ್ಕಕ್ಕೆ ಎರಡು ಗೆರೆ ಬಂದಿತ್ತು. ಮೊದಲನೆಯದು ತೆಯೋಫಿಲಾಳದು.

ಅಧ್ಯಕ್ಷ ತಿಮೋತೆಯೊ ಮೇಜು ಗುದ್ದಿ ಗುದ್ದಿ ಸದ್ದಡಗಿಸಿದ. ಚರ್ಚೆ ಎರಡು ಗಂಟೆ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಇನ್ನು ಹದಿನೈದು ದಿನಕ್ಕೆ ಸೂಲಂಗಿ ಒಡೆಯುತ್ತದೆ, ಹೂಪುಡಿ ಹಾರಲು ಶುರುವಾದರೆ ಊರಿಗೆ ಊರೇ ಬೆರಕೆಯಾಗುತ್ತದೆ. ಅಷ್ಟರೊಳಗೆ ಇದು ಎಲ್ಲಿಂದ ಬಂತು, ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿಯದಿದ್ದರೆ ನಾಲ್ಕೂ ಹೊಲಗಳನ್ನು ಬುಡಸಮೇತ ಕಡಿಯಬೇಕು. ಅಲ್ಲಿಯವರೆಗೆ ತೆಯೋಫಿಲಾಳ ಮನೆಯಿಂದ ಯಾರೂ ಬಿತ್ತನೆಗೆ ತೆನೆ ತೆಗೆದುಕೊಳ್ಳಕೂಡದು.

ಇದೊಂದು ಮಾತು ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಮೂವತ್ತು ವರ್ಷದಿಂದ ಆ ಊರಿನಲ್ಲಿ ಯಾರ ಬೀಜ ಕೆಟ್ಟರೂ, ಯಾರ ಕಣಜಕ್ಕೆ ಹುಳ ಬಿದ್ದರೂ, ಹೊಸದಾಗಿ ಒಲೆ ಹೂಡಿದವರಿದ್ದರೂ ಅವಳ ಬಾಗಿಲಿಗೆ ಬರುತ್ತಿದ್ದರು. ಎಂಟು ತೆನೆ ಆರಿಸಿ ಕೊಡುತ್ತಿದ್ದಳು. ಇಲ್ಲ ಅಂದವಳಲ್ಲ. ಈಗ ಅವಳ ಮನೆಯ ಜೋಳವೇ ಅಂಟುರೋಗವಾಯಿತೇ?

* * *

ಮನೆಗೆ ಬಂದವಳು ಹೆಂಚನ್ನು ಒಲೆಯ ಮೇಲೆ ದಡಾರನೆ ಕುಕ್ಕಿದಳು. ಗಂಡ ಎಲಿಹಿಯೊ ಮೂಲೆಯಲ್ಲಿ ಅವರೆ ಸುಲಿಯುತ್ತಿದ್ದ.

"ಹೆಂಚು ಏನು ತಪ್ಪು ಮಾಡ್ತು?" ಅಂದ.

"ನೀವು ಬಾಯಿ ಮುಚ್ಕೊಂಡು ಸುಲೀರಿ. ಸಭೇಲಿ ಒಂದು ಮಾತಾಡಿದ್ರಾ? ಹೆಂಡ್ತಿ ಒಬ್ಳೇ ನಿಂತ್ಕೊಂಡು ಕಿರುಚ್ತಾ ಇದ್ರೆ ಟೋಪಿ ತಿರುಗಿಸ್ತಾ ಕೂತಿದ್ರಿ."

"ನೀನು ಮಾತಾಡೋವಾಗ ಇನ್ನೊಬ್ರಿಗೆ ಜಾಗ ಎಲ್ಲೇ ಇರತ್ತೆ."

ಮಗ ಅಬ್ದೋನ್ ಬಾಗಿಲಲ್ಲಿ ನಿಂತು ನಗು ತಡೆದುಕೊಂಡ. ಸುಗ್ಗಿ ಮುಗಿದ ಮೇಲೆ ಅವನ ಮದುವೆ. ಬೆಟ್ಟದ ಆಚೆ ಊರಿನ ಮೌರಾ ಎಂಬ ಹುಡುಗಿಯನ್ನು ಕೇಳಿ ಬಂದಿದ್ದರು. ಹೊಸ ಸೊಸೆ ಕಾಲಿಡುವ ಹೊತ್ತಿಗೆ ಅಟ್ಟದ ತುಂಬ ಕಪ್ಪು ತೆನೆ ತೂಗಬೇಕೆಂದು ತೆಯೋಫಿಲಾ ಲೆಕ್ಕ ಹಾಕಿದ್ದಳು.

ಮರುದಿನ ಬೆಳಿಗ್ಗೆ ನೊಯೆಮಿ ತಾನಾಗಿಯೇ ಬಂದಳು. ಹೆಗಲ ಚೀಲದಲ್ಲಿ ಕೊಳವೆಗಳು, ಪಟ್ಟಿಗಳು.

"ಅಮ್ಮ, ನಿಮ್ಮ ಹೊಲಾನ ಸಾಲು ಸಾಲಾಗಿ ನೋಡೋಣ. ಎಲ್ಲಿ ಜಾಸ್ತಿ ಇದೆ, ಎಲ್ಲಿ ಕಮ್ಮಿ ಇದೆ ಗೊತ್ತಾದ್ರೆ ಎಲ್ಲಿಂದ ಬಂತು ಅಂತಾನೂ ಗೊತ್ತಾಗತ್ತೆ."

"ಬಾ ತಾಯಿ, ಬಾ. ಆ ಕಳ್ಳನ ಬೇಲಿಯಿಂದಾನೇ ಶುರು ಮಾಡು. ಇವತ್ತು ಅವನ ಬಣ್ಣ ಬಯಲಾಗ್ಲಿ."

ಎದೆಮಟ್ಟದ ಜೋಳ. ಇಬ್ಬನಿಗೆ ಲಂಗದ ಅಂಚೆಲ್ಲ ಒದ್ದೆಯಾಯಿತು. ಫಿದೆನ್ಸಿಯೊನ ಬೇಲಿಯ ಪಕ್ಕದ ಮೊದಲ ಸಾಲಿನಲ್ಲಿ ಐದು ಗಿಡದ ಎಲೆ ಕಿತ್ತರು. ಒಂದು ಗೆರೆ. ಎರಡನೇ ಸಾಲು, ಒಂದೇ ಗೆರೆ. ಆರನೆಯದು, ಹತ್ತನೆಯದು, ಹದಿನೈದನೆಯದು. ಒಂದು, ಒಂದು, ಒಂದು. ತೆಯೋಫಿಲಾ ಪಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದೂ ನೋಡಿದಳು.

"ನಿನ್ನ ಕಾಗದ ಕೆಟ್ಟಿದೆ ಕಣೇ."

"ಕೆಟ್ಟಿಲ್ಲ ಅಮ್ಮ. ಮುಂದೆ ನೋಡೋಣ."

ಇಪ್ಪತ್ತನೆಯ ಸಾಲಿನಲ್ಲಿ ಒಂದು ಗಿಡಕ್ಕೆ ಎರಡು ಗೆರೆ ಬಂತು. ಇಪ್ಪತ್ತಮೂರರಲ್ಲಿ ಎರಡಕ್ಕೆ. ಹೊಲದ ಆ ತುದಿಗೆ ಒಂದು ಕಲ್ಲುಗೋಡೆಯಿದೆ, ಗೋಡೆಯಾಚೆ ಬರೀ ಪೈನ್ ಮರದ ಕಾಡು. ಗೋಡೆ ಹತ್ತಿರವಾದಷ್ಟೂ ಎರಡು ಗೆರೆಗಳು ಹೆಚ್ಚಾದವು. ಗೋಡೆಗೆ ತಗುಲಿದ ಕೊನೆಯ ಸಾಲಿನಲ್ಲಿ ಐದಕ್ಕೆ ಐದೂ.

ನೊಯೆಮಿ ಪಟ್ಟಿಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಮೆಲ್ಲಗೆ, "ಈ ಕೊನೇ ಸಾಲು ಯಾವುದಮ್ಮ?" ಅಂದಳು.

ಅದು ನೆಂಟರ ಸಾಲು.

ಯಾಗಲಾದಲ್ಲಿ ಹೊಲವಿದ್ದವರಿಗೆಲ್ಲ ಒಂದು ನೆಂಟರ ಸಾಲು ಇರುತ್ತದೆ. ಹೊರಗಿನಿಂದ ಮನೆಗೆ ಬಂದ ಜೋಳ ಯಾವುದೇ ಇರಲಿ, ಮದುವೆಯ ಉಡುಗೊರೆಯಾಗಿ ಬಂದದ್ದು, ಜಾತ್ರೆಯಲ್ಲಿ ಕಂಡವರು ಕೊಟ್ಟದ್ದು, ದಾರಿಯಲ್ಲಿ ಸಿಕ್ಕಿದ್ದು, ಅದರಲ್ಲಿ ಒಂದು ಹಿಡಿ ತೆಗೆದು ಆ ಸಾಲಿನಲ್ಲಿ ಊರಬೇಕು. ಬಂದ ಜೋಳವನ್ನು ಪೂರ್ತಿ ತಿಂದು ಮುಗಿಸುವುದೆಂದರೆ ನೆಂಟರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದ ಹಾಗೆ. ಬೆಳೆದರೆ ಇರಲಿ, ಬೆಳೆಯದಿದ್ದರೆ ಹೋಗಲಿ, ನೆಲ ಮುಟ್ಟಿಸಿದ್ದಾಯಿತು. ಮೂವತ್ನಾಲ್ಕು ವರ್ಷದ ಹಿಂದೆ ತೆಯೋಫಿಲಾ ಮದುವೆಯಾಗಿ ಬಂದಾಗ ಶಾಲಿನ ತುದಿಗೆ ತವರಿನ ಕಪ್ಪು ಜೋಳ ಗಂಟು ಹಾಕಿಕೊಂಡು ಬಂದಿದ್ದಳು. ಅದನ್ನು ಇದೇ ಸಾಲಿನಲ್ಲಿ ಊರಿದವಳು ಅವಳ ಅತ್ತೆ. ಆ ಒಂದು ಸಾಲಿನಿಂದಲೇ ಈಗಿನ ಹೊಲವೆಲ್ಲ ಕಪ್ಪಾದದ್ದು.

ಆರು ವರ್ಷದ ಹಿಂದೆ ಮಳೆಗೆ ಗುಡ್ಡ ಜರಿದು ರಸ್ತೆ ನಲವತ್ತು ದಿನ ಮುಚ್ಚಿತ್ತು. ರಸ್ತೆ ತೆರೆದ ದಿನ ಸರಕಾರದ ಪಡಿತರದ ಲಾರಿ ಬಂತು. ಮೂಟೆ ಮೂಟೆ ಹಳದಿ ಜೋಳ, ಕುದುರೆ ಹಲ್ಲಿನಷ್ಟು ದಪ್ಪ. ಮನೆಗೊಂದು ಮೂಟೆ. ರೊಟ್ಟಿಗೆಂದು ಸುಣ್ಣದ ನೀರಿನಲ್ಲಿ ಬೇಯಿಸುವ ಮೊದಲು ತೆಯೋಫಿಲಾ ಒಂದು ಹಿಡಿ ಬದಿಗಿಟ್ಟಳು. ಎಲ್ಲಿಂದಲೋ ಇಷ್ಟು ದೂರ ಬಂದಿದೆ, ಹಸಿವಿನಲ್ಲಿ ಕೈಹಿಡಿದಿದೆ, ಅದಕ್ಕೂ ಒಂದು ಜಾಗ ಬೇಡವೇ ಅಂದುಕೊಂಡಳು. ತನ್ನ ಕೈಯಾರೆ ಊರಿದಳು.

ಎರಡು ವರ್ಷ ಕಳೆದ ಮೇಲೆ ಗೋಡೆ ಬದಿಯ ಕಪ್ಪು ತೆನೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಕಂಡವು. ಚೆಂದ ಕಂಡವು. ಎಲ್ಲಿ ಬೆಳೆದ ತೆನೆಯನ್ನು ಅಲ್ಲಿಗೇ ಬಿತ್ತುವುದು ಅವಳ ಪದ್ಧತಿ, ಹಾಗಾಗಿ ಆ ಚುಕ್ಕಿ ತೆನೆಗಳು ಗೋಡೆ ಬದಿಯಲ್ಲೇ ಉಳಿದವು. ನಗುವ ತೆನೆ ಎಂದು ಹೆಸರಿಟ್ಟು, ಬೇಕೆಂದು ಕೇಳಿದ ಮೂರು ಮನೆಗಳಿಗೆ ಕೊಟ್ಟಳು. ಎರಡು ಗೆರೆ ಬಂದ ಉಳಿದ ಮೂರು ಹೊಲಗಳು ಆ ಮೂರು ಮನೆಯವೇ. ಇಷ್ಟು ಹೊತ್ತೂ ಅವಳ ತಲೆಗೆ ಅದು ಹೊಳೆದೇ ಇರಲಿಲ್ಲ.

"ನಿನಗೆ ಗೊತ್ತಿತ್ತು," ಅಂದಳು ನೊಯೆಮಿಗೆ. "ನಿನ್ನೇನೇ ಗೊತ್ತಿತ್ತು ನಿನಗೆ."

"ಅನುಮಾನ ಇತ್ತು ಅಮ್ಮ. ಸಭೇಲಿ ಹೇಳೋಕೆ ಮನಸು ಬರ್ಲಿಲ್ಲ."

ತೆಯೋಫಿಲಾ ಗೋಡೆಯ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

* * *

ಗೊತ್ತಾದದ್ದು ಸಂಜೆಗೆ. ಅಂದಿನ ಪಡಿತರದ ಜೋಳದ ಚೀಲ ಇನ್ನೂ ಮನೆಯಲ್ಲೇ ಇತ್ತು, ಒಣ ಮೆಣಸಿನಕಾಯಿ ಹಾಕಿಟ್ಟಿದ್ದಳು. ಮೆಣಸಿನಕಾಯಿ ಸುರಿದು ಅಬ್ದೋನನ ಕೈಗೆ ಚೀಲ ಕೊಟ್ಟು, "ಓದು," ಅಂದಳು.

"ತೂಕ ಬರ್ದಿದೆ. ಪರದೇಶದ ಹೆಸರಿದೆ. ಹಳದಿ ಜೋಳ ಅಂತಿದೆ."

"ಬಿತ್ತಬೇಡಿ ಅಂತಿದ್ಯಾ?"

ಅಬ್ದೋನ್ ಚೀಲವನ್ನು ಹಿಂದುಮುಂದು ತಿರುಗಿಸಿದ. "ಇಲ್ಲಮ್ಮ."

"ಒಳಗಿರೋದನ್ನ ಯಾರೋ ಕೂತ್ಕೊಂಡು ತಿದ್ದಿದಾರೆ ಅಂತ?"

"ಅದೂ ಇಲ್ಲ."

ಬೆಳಗಾಗುತ್ತಲೇ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಎರಡು ಗಂಟೆ ಲಾರಿಯಲ್ಲಿ ಕುಲುಕಿಕೊಂಡು ತಾಲ್ಲೂಕಿನ ಕೃಷಿ ಕಚೇರಿಗೆ ಹೋದಳು. ಅಲ್ಲಿನ ಇಂಜಿನಿಯರ್ ಬಾಲ್ದೆರಾಸ್ ಒಳ್ಳೆಯ ಮನುಷ್ಯನೇ. ಕುರ್ಚಿ ಕೊಟ್ಟ, ನೀರು ಕೊಟ್ಟ, ಪೂರ್ತಿ ಕೇಳಿಸಿಕೊಂಡ. ಒಳ್ಳೆಯತನ ನೋಡಿ ಅವಳಿಗೆ ಇನ್ನಷ್ಟು ರೇಗಿತು.

"ಅಮ್ಮ, ತಪ್ಪಾಗಿರೋದು ಎಲ್ಲಿ ಗೊತ್ತಾ? ಅದು ಗ್ರಾನೊ. ಅದನ್ನ ನೀವು ಬಿತ್ತಬಾರದಿತ್ತು."

"ಗ್ರಾನೊ ಅಂದ್ರೆ?"

"ತಿನ್ನೋಕೆ ಮಾತ್ರ ಇರೋ ಜೋಳ. ಬಿತ್ತನೆಗಲ್ಲ."

"ನಮ್ಮ ಮಾತಲ್ಲಿ ಹಂಗೆ ಎರಡು ಇಲ್ಲ ಸ್ವಾಮಿ. ತಿಂದ್ರೂ ಜೋಳ, ಬಿತ್ತಿದ್ರೂ ಜೋಳ. ನೆಲಕ್ಕೆ ಬಿದ್ರೆ ನಿಮ್ಮ ಗ್ರಾನೊ ಮೊಳೆಯತ್ತೋ ಇಲ್ವೋ?"

"ಮೊಳೆಯತ್ತೆ..."

"ಬಿತ್ತನೆಗಲ್ಲ ಅಂತ ಅದಕ್ಕೆ ಹೇಳಿದ್ರಾ? ನನಗಂತೂ ಯಾರೂ ಹೇಳ್ಲಿಲ್ಲ, ಈ ಚೀಲದ ಮೇಲೂ ಇಲ್ಲ. ಜೋಳಕ್ಕಾದ್ರೂ ಹೇಳಿದ್ರಾ, ಮೊಳೀಬೇಡ ಮಾರಾಯ ಅಂತ?"

ಪಕ್ಕದ ಮೇಜಿನ ಗುಮಾಸ್ತೆ ನಕ್ಕು ಬಾಯಿ ಮುಚ್ಚಿಕೊಂಡಳು. ಬಾಲ್ದೆರಾಸ್ ಕನ್ನಡಕ ತೆಗೆದು ಒರೆಸಿದ.

"ನೋಡಿ, ಭಯ ಪಡೋ ಅಂಥದ್ದು ಏನಿಲ್ಲ. ಲೋಕದಲ್ಲಿ ಎಷ್ಟೋ ಜನ ತಿಂತಿದಾರೆ. ಇದುವರೆಗೆ ಯಾವ ಅಪಾಯವೂ ಕಂಡುಬಂದಿಲ್ಲ."

"ಎಷ್ಟು ವರ್ಷದಿಂದ ನೋಡ್ತಿದೀರಿ?"

"ಹತ್ತು ವರ್ಷದ ಮೇಲಾಯ್ತು."

"ಎಲ್ಲಿ ನೋಡಿದ್ದು? ಅಲ್ಲಿ ವರ್ಷಾ ವರ್ಷಾ ಅಂಗಡಿಯಿಂದ ಹೊಸ ಬೀಜ ತರ್ತಾರಂತೆ, ನಮ್ಮೂರಿನವನೊಬ್ಬ ಕಣ್ಣಾರೆ ಕಂಡು ಬಂದಿದಾನೆ. ನಾವು ಹಂಗಲ್ಲ. ಈ ವರ್ಷದ್ದನ್ನೇ ಮುಂದಿನ ವರ್ಷ ಹಾಕ್ತೀವಿ, ನಮ್ಮ ಮೊಮ್ಮಕ್ಕಳೂ ಅದನ್ನೇ ಹಾಕ್ತಾರೆ. ಒಳಗೆ ಸೇರಿದ್ದು ಒಳಗೇ ಉಳಿಯತ್ತೆ. ಮೂರು ಹೊತ್ತೂ ನಾವು ತಿನ್ನೋದು ಇದೊಂದೇ. ಮೂವತ್ತು ವರ್ಷ ಹಂಗೇ ಹಾಕಿ, ಹಂಗೇ ತಿಂದು, ಆ ನೆಲ ಏನಾಯ್ತು, ಆ ಹುಳ ಏನಾದ್ವು, ಆ ಮಕ್ಕಳು ಏನಾದ್ರು ಅಂತ ಯಾರು ನೋಡಿದಾರೆ?"

ಬಾಲ್ದೆರಾಸ್ ಕನ್ನಡಕ ಮತ್ತೆ ಹಾಕಿಕೊಂಡ. "ಆ ಥರದ ಅಧ್ಯಯನ... ನನಗೆ ಗೊತ್ತಿರೋ ಮಟ್ಟಿಗೆ ಆಗಿಲ್ಲ."

"ಹಂಗಾದ್ರೆ ಅಪಾಯ ಕಂಡುಬಂದಿಲ್ಲ ಅನ್ಬೇಡಿ. ನಾವು ನೋಡೇ ಇಲ್ಲ ಅನ್ನಿ. ಮೂವತ್ತು ವರ್ಷ ಆದ್ಮೇಲೆ ನಾನು ಮಣ್ಣಾಗಿರ್ತೀನಿ. ನಿಮಗೆ ಯಾವ ಊರಿಗೋ ವರ್ಗ ಆಗಿರತ್ತೆ. ಆಗ ಏನಾದ್ರೂ ಕಂಡ್ರೆ ಯಾರು ಬಂದು ವಾಪಸ್ ತಗೋತಾರೆ? ಹೊಲದಿಂದ ಹೊಲಕ್ಕೆ ಹಾರಿ ಹೋದದ್ದನ್ನ ಯಾರು ಆರಿಸ್ತಾರೆ?"

"ಅಮ್ಮ, ಬೆಳೆ ಕಡಿದು ಹಾಕಿ. ನಿಮಗೆ ಸುಧಾರಿತ ಬೀಜ ಕೊಡ್ತೀವಿ, ಪುಕ್ಕಟೆ." ಅವನು ಮೇಜಿನಡಿಯಿಂದ ಹೊಳೆಯುವ ಪೊಟ್ಟಣವೊಂದನ್ನು ತೆಗೆದು ಅವಳ ಮುಂದಿಟ್ಟ. ಪಾಪ, ಮನಸ್ಸಿಟ್ಟೇ ಕೊಟ್ಟಿದ್ದ.

ತೆಯೋಫಿಲಾ ಎದ್ದಳು. ಚೀಲವನ್ನು ಅವನ ಮೇಜಿನ ತುಂಬ ಹರಡಿದಳು, ಅದರ ಮೇಲೆ ಪೊಟ್ಟಣ ಇಟ್ಟಳು. ಚೀಲದೊಳಗೆ ಉಳಿದಿದ್ದ ಮೆಣಸಿನ ಬೀಜ ಕಾಗದಗಳ ಮೇಲೆಲ್ಲ ಚೆಲ್ಲಿದವು.

"ನನ್ನ ಮನೆ ಬಾಗಿಲಿಗೆ ಬಂದ ಜೋಳ ಅಂತ ನಂಬಿ ನೆಲ ಕೊಟ್ಟೆ. ಇನ್ನೊಂದ್ಸಲ ನಂಬು ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಬಾಗಿಲು ದಾಟುವಾಗ ಹಿಂದೆ ಬಾಲ್ದೆರಾಸ್ ಸೀನುವುದು ಕೇಳಿಸಿತು. ಮೆಣಸಿನ ಖಾರ ಹತ್ತಿರಬೇಕು. ಅಷ್ಟಾದರೂ ಹತ್ತಲಿ ಎಂದುಕೊಂಡಳು.

* * *

ಮುಂದಿನ ಭಾನುವಾರದ ಸಭೆಯಲ್ಲಿ ಅವಳು ಕೈ ಎತ್ತಿದಳು. ತಿಮೋತೆಯೊ ಹೂಂ ಅನ್ನುವವರೆಗೂ ಕಾದಳು.

"ನನ್ನ ಹೊಲಕ್ಕೆ ಯಾರೂ ತಂದು ಹಾಕಿಲ್ಲ. ನಾನೇ ಹಾಕಿದ್ದು. ರಸ್ತೆ ಮುಚ್ಚಿದ ವರ್ಷ ಕೊಟ್ರಲ್ಲ, ಆ ಪಡಿತರದ ಜೋಳ, ನೆಂಟರ ಸಾಲಿಗೆ ಊರಿದ್ದೆ. ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಮುಗೀತಾ? ಮೂರು ಮನೆಗೂ ದಾಟಿಸಿದೀನಿ. ಬೈಯ್ಯೋರು ಬೈರಿ."

ಬೈದರು. ಬೈಯದೆ ಬಿಡುತ್ತಾರೆಯೇ? ತೆನೆ ತೆಗೆದುಕೊಂಡಿದ್ದ ಮೂರು ಮನೆಯವರಲ್ಲಿ ಒಬ್ಬಳು ಎದ್ದು, "ನನ್ನ ಮಕ್ಕಳ ಅನ್ನ ಕಡೀಬೇಕಾ ಈಗ ನಾನು? ನಿನ್ನ ನಗುವ ತೆನೆ ಅಂತೆ ನಗುವ ತೆನೆ!" ಎಂದು ಅತ್ತಳು. ತೆಯೋಫಿಲಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಫಿದೆನ್ಸಿಯೊನ ಕಡೆ ತಿರುಗಿದಳು.

"ನಿನ್ನ ಕಳ್ಳ ಅಂದೆ, ಮನೆಹಾಳ ಅಂದೆ. ತಪ್ಪಾಯ್ತು. ಇಲಿ ಹಲ್ಲು ಅಂದಿದ್ದಕ್ಕೆ ಮಾತ್ರ ನೀನು ತಪ್ಪಾಯ್ತು ಅನ್ಬೇಕು."

"ತಪ್ಪಾಯ್ತು ಅಕ್ಕ," ಅಂದ ಫಿದೆನ್ಸಿಯೊ. ಈ ಸಲ ಯಾರೂ ನಗಲಿಲ್ಲ.

ಆಗ ಎರಡನೆಯ ಪ್ರಶ್ನೆ ಬಂತು. ಊರಲ್ಲಿ ನೂರೆಂಟು ಮನೆ, ನೂರೆಂಟು ನೆಂಟರ ಸಾಲು. ಅಂದಿನ ಪಡಿತರದ ಮೂಟೆ ಎಲ್ಲರ ಮನೆಗೂ ಬಂದಿತ್ತು. ತೆಯೋಫಿಲಾ ಊರಿದಳು, ಉಳಿದವರು ಊರಲಿಲ್ಲವೇ? ಒಬ್ಬೊಬ್ಬರೇ ತಮ್ಮ ತಮ್ಮ ಗಂಡ, ಹೆಂಡತಿಯ ಮುಖ ನೋಡತೊಡಗಿದರು. ನಮ್ಮದು ಮೊಳೆಯಲಿಲ್ಲ ಅಂದರು ಕೆಲವರು, ಅಳಿಲು ತಿಂದಿತು ಅಂದರು ಕೆಲವರು. ಬೈಗುಳದ ಸದ್ದು ತಾನಾಗಿ ಅಡಗಿತು.

ತಿಮೋತೆಯೊ ನೊಯೆಮಿಯನ್ನು ಕೇಳಿದ. "ಹೊರಗಿಂದ ಬರೋ ಜೋಳಾನ ನಿನ್ನ ಕಾಗದದಲ್ಲಿ ನೋಡಿ, ಒಂದು ಗೆರೆ ಬಂದ್ರೆ ಊರಬಹುದು ಅಂತ ಮಾಡೋಣ್ವಾ?"

ನೊಯೆಮಿ ಬೇಡವೆಂದು ತಲೆಯಾಡಿಸಿದಳು. "ಈ ಕಾಗದ ಹಿಡಿಯೋದು ನಮಗೆ ಗೊತ್ತಿರೋ ಎರಡು ಥರದ್ದನ್ನ ಮಾತ್ರ ಅಣ್ಣ. ವರ್ಷಾ ವರ್ಷಾ ಹೊಸ ಥರ ಮಾಡ್ತಾ ಇದಾರೆ. ಅದಕ್ಕೆ ಕಾಗದಾನೇ ಇರಲ್ಲ. ನಾನು ಸುಳ್ಳು ಧೈರ್ಯ ಹೇಳಲ್ಲ."

ಹಾಗಾದರೆ ಒಂದೇ ದಾರಿ. ಬೆರಕೆಯಾದ ನಾಲ್ಕು ಹೊಲಗಳನ್ನು ಕಡಿದು, ಊರಿನ ಎಲ್ಲ ನೆಂಟರ ಸಾಲುಗಳನ್ನೂ ಮುಚ್ಚುವುದು. ಹೊರಗಿನ ಜೋಳ ಯಾರ ಮನೆಯಿಂದಲೇ ಬರಲಿ, ತಿನ್ನುವುದಕ್ಕೆ ಸರಿ, ನೆಲಕ್ಕೆ ಬೀಳಕೂಡದು. ಒಪ್ಪುವವರು ಕೈ ಎತ್ತಿ ಅಂದ ತಿಮೋತೆಯೊ. ಒಂದು ಕೈಯೂ ಮೇಲೇಳಲಿಲ್ಲ. ಇಡೀ ಸಭೆ ತೆಯೋಫಿಲಾಳನ್ನು ನೋಡುತ್ತಿತ್ತು. ಮೂವತ್ತು ವರ್ಷ ಬೀಜ ಕೊಟ್ಟವಳು ಹೇಳಲಿ ಎಂದು ಕಾಯುತ್ತಿದ್ದರೋ, ಹಾಳು ಮಾಡಿದವಳೇ ಮೊದಲು ಎತ್ತಲಿ ಎಂದು ಕಾಯುತ್ತಿದ್ದರೋ, ಯಾರಿಗೆ ಗೊತ್ತು. ಅವಳು ಹಲ್ಲು ಕಚ್ಚಿಕೊಂಡು ಕೈ ಎತ್ತಿದಳು. ಆಮೇಲೆ ಒಂದೊಂದಾಗಿ ಎಲ್ಲ ಕೈಗಳೂ ಎದ್ದವು.

ಸೋಮವಾರ ಬೆಳಿಗ್ಗೆ ಅವಳೂ ಎಲಿಹಿಯೊನೂ ಅಬ್ದೋನನೂ ಮಚ್ಚು ಹಿಡಿದು ಹೊಲಕ್ಕೆ ಇಳಿದರು. ಬೇಲಿ ಬದಿಯ ಸಾಲುಗಳು ಒಂದೇ ಗೆರೆಯವು, ಅವನ್ನಾದರೂ ಉಳಿಸಿಕೊಳ್ಳಿ ಎಂದಿದ್ದಳು ನೊಯೆಮಿ. ತೆಯೋಫಿಲಾ ಒಪ್ಪಲಿಲ್ಲ. ಸಾಲಿಗೆ ಐದು ಗಿಡ ನೋಡಿದ್ದು, ಆರನೆಯದರಲ್ಲಿ ಏನಿದೆಯೋ ಯಾರು ಬಲ್ಲರು. ಪೂರ್ತಿ ಕಡಿದರು. ಎಲಿಹಿಯೊ ಒಂದು ತಮಾಷೆಯನ್ನೂ ಆಡಲಿಲ್ಲ. ತಮ್ಮದು ಮುಗಿದ ಮೇಲೆ ಉಳಿದ ಮೂರು ಮನೆಯ ಹೊಲಗಳಿಗೂ ತೆಯೋಫಿಲಾ ಕರೆಯದೆಯೇ ಹೋಗಿ ಕಡಿದು ಕೊಟ್ಟಳು. ಅಟ್ಟದ ಮೇಲಿದ್ದ ಹಳೆಯ ತೆನೆಗಳನ್ನೂ ಇಳಿಸಿ ಬೇಯಿಸಲು ತೆಗೆದಿಟ್ಟಳು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಬಾಯಲ್ಲಿ ಬೈಗುಳ ನಿಲ್ಲಲಿಲ್ಲ. ಲಾರಿಯನ್ನು ಬೈದಳು, ಚೀಲವನ್ನು ಬೈದಳು, ಹೊಸ ಹೊಸ ಜೋಳ ತಿದ್ದಿ ತಾವು ಅದರ ಮುಂದಿನ ವರ್ಷವನ್ನೇ ನೋಡದವರನ್ನು ಬೈದಳು.

* * *

ಕಪ್ಪು ಜೋಳ ಅವಳ ಮನೆಯಿಂದ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಸುಗ್ಗಿಯ ಕೊನೆಯ ವಾರ ಫಿದೆನ್ಸಿಯೊ ಬಾಗಿಲಿಗೆ ಬಂದ. ಕಂಕುಳಲ್ಲಿ ಒಂದು ಗಂಟು.

"ಅಕ್ಕ, ಇಪ್ಪತ್ತೆರಡು ವರ್ಷದ ಹಿಂದೆ ನಮ್ಮಮ್ಮ ನಿಮ್ಮ ಹತ್ರ ಎಂಟು ತೆನೆ ತಗೊಂಡಿದ್ಲು. ಬೆಟ್ಟದ ಆಚೆ ನಮ್ಮದೊಂದು ತುಂಡು ಹೊಲ ಇದೆಯಲ್ಲ, ಅಲ್ಲಿಗೆ ಹಾಕಿದ್ಲು. ನಾನಿಲ್ಲದಾಗಲೂ ಹಾಕ್ತಾನೇ ಇದ್ಲು. ಅಲ್ಲಿ ಸುತ್ತ ಯಾರ ಹೊಲಾನೂ ಇಲ್ಲ, ನೆಂಟರ ಸಾಲೂ ಇಲ್ಲ. ನೊಯೆಮಿ ನೂರು ಗಿಡ ನೋಡಿದಾಳೆ. ಎಲ್ಲಾ ಒಂದೇ ಗೆರೆ."

ಗಂಟು ಬಿಚ್ಚಿದ. ಎಂಟು ತೆನೆ. ಗಿಡ್ಡ, ಗಟ್ಟಿ, ಕಡುಗಪ್ಪು. ಅವಳ ಅಮ್ಮನ ಜೋಳ.

ತೆಯೋಫಿಲಾ ಒಂದು ತೆನೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಶಾಲಿನಿಂದ ಕಣ್ಣೊರೆಸಿಕೊಂಡು, "ಒಳಗೆ ಬಾ, ನಿಂತಿದೀಯಲ್ಲ," ಎಂದು ಗದರಿದಳು.

"ಇಲಿ ಹಲ್ಲು ಎಣಿಸಿ ತಗೊಳ್ಳಿ ಅಕ್ಕ, ಆಮೇಲೆ ಕಮ್ಮಿ ಬಂತು ಅಂತ ಸಭೇಲಿ ನಿಲ್ಲಿಸ್ಬೇಡಿ," ಅಂದ ಫಿದೆನ್ಸಿಯೊ. ಅವಳು ನಗುತ್ತಾ ಅವನ ಬೆನ್ನಿಗೊಂದು ಗುದ್ದಿದಳು.

ಆ ರಾತ್ರಿ ಎಂಟು ತೆನೆಗಳನ್ನೂ ಒಲೆಯ ಮೇಲಿನ ಕೋಲಿಗೆ ತೂಗುಹಾಕಿದಳು. ಮನೆ ಉಳಿಯಿತು ಎಂದುಕೊಂಡಳು.

ಮದುವೆ ಫೆಬ್ರವರಿಯಲ್ಲಾಯಿತು. ಮೂರು ದಿನದ ಊಟ, ಬ್ಯಾಂಡು, ಕುಣಿತ ಎಲ್ಲ ಮುಗಿದು, ನೆಂಟರು ಹೊರಟ ಮೇಲೆ, ನಾಲ್ಕನೆಯ ಬೆಳಿಗ್ಗೆ ಮೌರಾ ಅಡುಗೆಮನೆಗೆ ಬಂದಳು. ಹತ್ತೊಂಬತ್ತರ ಹುಡುಗಿ, ಇನ್ನೂ ನಾಚಿಕೆ ಬಿಟ್ಟಿರಲಿಲ್ಲ. ಶಾಲಿನ ತುದಿಯ ಗಂಟನ್ನು ಅತ್ತೆಯ ಮುಂದೆ ಬಿಚ್ಚಿದಳು. ಕೆಂಪು ಜೋಳ. ದಾಳಿಂಬೆ ಬಿಡಿಸಿಟ್ಟ ಹಾಗಿತ್ತು.

"ನಮ್ಮಮ್ಮ ಕೊಟ್ಟಿದ್ದು ಅತ್ತೆ. ಒಂದೊಂದೇ ಆರಿಸಿ ಕೊಟ್ಲು. ನೆಂಟರ ಸಾಲು ಎಲ್ಲಿದೆ ತೋರಿಸ್ತೀರಾ? ಮಳೆ ಬಂದ ದಿನ ನಾನೇ ಊರ್ತೀನಿ."

ಮೌರಾಳ ಊರಿಗೆ ಕಾಗದದ ಪಟ್ಟಿ ಬಂದಿರಲಿಲ್ಲ, ಅಲ್ಲಿ ಸಭೆ ಸೇರಿರಲಿಲ್ಲ. ಪಡಿತರದ ಲಾರಿ ಮಾತ್ರ ಅಲ್ಲಿಗೂ ಹೋಗಿತ್ತು.

ತೆಯೋಫಿಲಾ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿದಳು. ಒಂದೂ ಹುಳುಕಿಲ್ಲ, ಒಂದೂ ಸುಕ್ಕಿಲ್ಲ. ಇಷ್ಟು ಒಳ್ಳೆಯ ಜೋಳವನ್ನು ಅವಳು ಬಹಳ ವರ್ಷದಿಂದ ಕಂಡಿರಲಿಲ್ಲ. ಅದರೊಳಗೆ ಏನಿದೆ, ಏನಿಲ್ಲ, ನೋಡಿ ಹೇಳುವ ಕಣ್ಣು ಅವಳಿಗಿತ್ತು, ಅವಳ ಅತ್ತೆಗಿತ್ತು. ಈಗ ಆ ಕಣ್ಣು ಕೆಲಸಕ್ಕೆ ಬರುತ್ತಿರಲಿಲ್ಲ. ಅತ್ತೆ ಅಂದು ತನ್ನನ್ನು ಏನನ್ನೂ ಕೇಳಿರಲಿಲ್ಲ. ಗಂಟು ಬಿಚ್ಚಿದ ಕೂಡಲೇ ಕೈಹಿಡಿದು ಹೊಲಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ಹಾಕು ಮಗಳೇ ಅಂದಿದ್ದಳು.

ಎಲಿಹಿಯೊ ಬಾಗಿಲಲ್ಲಿ ನಿಂತವನು ನೆಲ ನೋಡುತ್ತ ಹೊರಗೆ ಹೋದ.

"ಅತ್ತೆ? ಚೆನ್ನಾಗಿಲ್ವಾ?" ಅಂದಳು ಮೌರಾ.

"ಚೆನ್ನಾಗಿದೆ ಮಗಳೇ. ತುಂಬಾ ಚೆನ್ನಾಗಿದೆ."

ಒಲೆಯ ಮೇಲೆ ಸುಣ್ಣದ ನೀರು ಕುದಿಯುತ್ತಿತ್ತು. ತೆಯೋಫಿಲಾ ಅಂಗೈ ಬಗ್ಗಿಸಿ ಒಂದು ಕಾಳನ್ನೂ ಉಳಿಸದೆ ಅದಕ್ಕೆ ಸುರಿದಳು. ನೀರು ಕೆಂಪಗಾಯಿತು. ಮೌರಾ ಗಡಿಗೆಯನ್ನೇ ನೋಡುತ್ತ ನಿಂತಳು.

"ಅದು ಬಿತ್ತೋಕೆ ತಂದಿದ್ದು," ಅಂದಳು, ಧ್ವನಿಯೇ ಇಲ್ಲದೆ. "ನಮ್ಮಮ್ಮಂಗೆ ಏನು ಹೇಳ್ಲಿ?"

ತೆಯೋಫಿಲಾಗೆ ಹೇಳಬೇಕಾದ್ದು ಬಹಳ ಇತ್ತು. ಲಾರಿ, ಚೀಲ, ಎರಡು ಗೆರೆ, ಸಭೆಯಲ್ಲಿ ಎತ್ತಿದ ಕೈ. ಎಲ್ಲವನ್ನೂ ಹೇಳಲು ಬಾಯಿ ತೆರೆದಳು. ಈ ಜೋಳವನ್ನು ಏನೆಂದು ಕರೆಯಬೇಕು, ತಿನ್ನಬಹುದು ಆದರೆ ಬಿತ್ತಬಾರದು ಎನ್ನುವ ಜೋಳವನ್ನು, ಎಂದು ತನ್ನ ಮಾತಿನಲ್ಲಿ ಹುಡುಕಿದಳು. ಹುಡುಕಿದರೆ ಸಿಗುವುದಕ್ಕೆ ಅಲ್ಲಿ ಅಂಥ ಪದವೇ ಇರಲಿಲ್ಲ.

"ನಮ್ಮನೇಲಿ ಇನ್ಮೇಲೆ ಇದು ಜೋಳ ಅಲ್ಲಮ್ಮ," ಅಂದಳು ಕೊನೆಗೆ. ಆ ಪದ ನಾಲಿಗೆಯ ಮೇಲೆ ಕಹಿಯಾಗಿ ಹೊರಳಿತು. "ಇದು ಗ್ರಾನೊ."